ಏಳನೆಯ ಚೀಟಿ

ನಾಗಪುರ ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಈಗಿನವರಿಗೆ ಹೇಳಿದರೆ ಹೌದೇ ಎಂದು ಹುಬ್ಬೇರಿಸಿ ಬೇರೆ ಮಾತಿಗೆ ಹೋಗುತ್ತಾರೆ. ಬಿಂದುರಾಯರ ಪಾಲಿಗೆ ಮಾತ್ರ ಅದು ಕೊನೆಯತನಕ ರಾಜಧಾನಿಯೇ. ರಾಯಪುರದವರೂ ಜಬಲಪುರದವರೂ ಅಕೋಲೆಯವರೂ ಒಂದೇ ಸಭೆಯಲ್ಲಿ ಕೂತು ಜಗಳವಾಡುತ್ತಿದ್ದ ಹಳೆಯ ಮಧ್ಯಪ್ರದೇಶದಲ್ಲಿ, ಅಲ್ಲಿನ ವಿಧಾನಸಭೆಯ ಕಚೇರಿಯಲ್ಲಿ, ಅವರು ದಫ್ತರಿಯಾಗಿದ್ದರು. ಬಿಂದುಮಾಧವ ಎಂದು ಪೂರ್ಣ ಹೆಸರು. ತಂದೆ ಗದಗಿನ ಕಡೆಯಿಂದ ರೈಲ್ವೆ ನೌಕರಿಗೆಂದು ಬಂದು ಇಲ್ಲಿಯೇ ಬೇರೂರಿದವರು.

ದಫ್ತರಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಕಡತಕ್ಕೆ ದಾರ ಹಾಕಬೇಕು, ರಿಜಿಸ್ಟರಿಗೆ ಗೆರೆ ಎಳೆಯಬೇಕು, ಹರಿದದ್ದನ್ನು ಅಂಟಿಸಬೇಕು. ಅಂಟಿಸುವುದೇ ಮುಖ್ಯ. ಒಂದು ಮಸೂದೆ ಅಚ್ಚಾಗಿ ಸದಸ್ಯರ ಕೈ ಸೇರುವಷ್ಟರಲ್ಲಿ ಯಾರಿಗೋ ಅದರಲ್ಲೊಂದು ಮಾತು ಬದಲಿಸಬೇಕು ಅನಿಸುತ್ತದೆ. ಅಷ್ಟಕ್ಕೆ ಇಡೀ ಮಸೂದೆಯನ್ನು ಮತ್ತೆ ಅಚ್ಚು ಹಾಕಿಸುವುದುಂಟೇ? ಬದಲಾದ ಮಾತನ್ನಷ್ಟೇ ಎರಡು ಬೆರಳಗಲದ ಚೀಟಿಯಲ್ಲಿ ಅಚ್ಚು ಹಾಕಿಸಿ, ಹಳೆಯ ಸಾಲಿನ ಮೇಲೆ ಒಂದೊಂದು ಪ್ರತಿಯಲ್ಲೂ ಅಂಟಿಸಬೇಕು. ಇನ್ನೂರೈವತ್ತು ಪ್ರತಿ, ಇನ್ನೂರೈವತ್ತು ಚೀಟಿ. ರಾಜ್ಯದ ಕಾನೂನು ಹೀಗೆ ಬಿಂದುರಾಯರ ಬೆರಳ ತುದಿಯಿಂದಲೇ ಹಾಯ್ದು ಹೋಗುತ್ತಿತ್ತು.

ಅಂಟು ಮನೆಯದು. ಕಚೇರಿಯ ಗೋಂದು ನಾಗಪುರದ ಬಿಸಿಲಿಗೆ ಸಿಡಿದು, ಮಂತ್ರಿಗಳು ಪುಟ ತಿರುಗಿಸಿದರೆ ಚೀಟಿ ಅವರ ಮಡಿಲಿಗೆ ಉದುರುತ್ತಿತ್ತು. ರಾಯರಿಗೆ ಅದು ಸೇರಲಿಲ್ಲ. ಇತವಾರಿ ಪೇಟೆಯಿಂದ ಮೈದಾಹಿಟ್ಟು ತಂದು, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಕೂಡಿಸಿ, ಹೆಂಡತಿ ಕೃಷ್ಣವೇಣಿಯಿಂದ ಅಂಟು ಕುದಿಸಿಕೊಂಡು ಒಯ್ಯುತ್ತಿದ್ದರು. ವಿಷ ಬಿದ್ದ ಪಾತ್ರೆ ಅಡಿಗೆಮನೆಗೆ ಬರಕೂಡದು. ಅದಕ್ಕೇ ಒಂದು ಗಡಿಗೆ, ಒಂದು ಸವಟು, ಹಿತ್ತಲಲ್ಲಿ ಒಂದು ಶೇಗಡಿ ಒಲೆ ಬೇರೆ ಇದ್ದವು. ಮನೆಯಲ್ಲಿ ಉಪ್ಪಿಟ್ಟು ತಳ ಹಿಡಿದದ್ದುಂಟು, ಅಂಟು ಎಂದೂ ಹಿಡಿಯಲಿಲ್ಲ. "ನಾ ಅಂಟಿಸಿದ ಚೀಟಿ ಕಿತ್ತರ ಕಾಗದ ಹರೀಬೇಕು, ಚೀಟಿ ಬಿಡಬಾರದು" ಎಂದು ರಾಯರು ಊಟದ ಎಲೆಯ ಮುಂದೆ ಹೇಳುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ರಾಯರಿಗೆ ಅಂಟು ಮುದ್ದು.

ಸಂಜೆಯಾದರೆ ಧಂತೋಲಿಯ ಅವರ ಮನೆಯ ಕಟ್ಟೆಗೆ ನಾಲ್ಕು ಜನ ಬರುವರು. ಬಾಡಿಗೆದಾರರ ಮಸೂದೆಯಂತೆ, ಏನಾಗುತ್ತದೆ? ರಾಯರು ಅಧಿವೇಶನಕ್ಕೆ ಮುಂಚೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಂಡನೆಯಾದ ಮೇಲೆ ಮಾತ್ರ ಧಾರಾಳ. "ಬಿಲ್ಲು ಅಂದ್ರ ಮದುವಿ ಇದ್ದಂಗ ನೋಡ್ರಿ. ಮೊದಲನೇ ಸರ್ತಿ ಓದೋದು ಅಂದ್ರ ಹೆಣ್ಣು ನೋಡೋದು. ಎರಡನೇದು ಮಾತುಕತಿ. ಇದು ಕೊಡ್ರಿ, ಅದು ಬಿಡ್ರಿ ಅಂತ ಒಂದೊಂದ ಕಲಮಿಗೆ ಜಗಳ. ಮೂರನೇದು ತಾಳಿ. ರಾಜ್ಯಪಾಲರ ಸಹಿ ಬಿತ್ತಂದ್ರ ಮನಿ ತುಂಬಿಸಿಕೊಂಡಂಗ. ಅಲ್ಲೀತನಕಾ ಹುಡುಗಿ ತವರುಮನಿಯಾಕಿನs!" ಎಲ್ಲರೂ ನಗುತ್ತಿದ್ದರು. ಒಳಗೆ ತಂಗಿ ಜಯಾ ಮಕ್ಕಳ ನಕಾಶೆಗಳನ್ನು ತಿದ್ದುತ್ತ ಕೂತಿರುತ್ತಾಳೆ, ಅವಳಿಗೆ ಮೂವತ್ತೆರಡಾಗಿದೆ, ಇನ್ನೂ ಮದುವೆಯಾಗಿಲ್ಲ ಎಂಬುದು ರಾಯರಿಗೆ ಆ ಹೊತ್ತಿನಲ್ಲಿ ನೆನಪಾಗುತ್ತಿರಲಿಲ್ಲ. ಒಳ್ಳೆಯವರೇ, ಆದರೆ ಮಾತಿನ ಹುರುಪಿನಲ್ಲಿ ಸ್ವಲ್ಪ ಕುರುಡು.

ಜಯಾ ಸದರ್ ಬಡಾವಣೆಯ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದಳು. ಬೆಳಿಗ್ಗೆ ಅವಳು ಸೀರೆಯ ನಿರಿಗೆ ಸರಿಮಾಡಿಕೊಂಡು, ಸುತ್ತಿದ ನಕಾಶೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟರೆ ಬೀದಿಯವರು ದಾರಿ ಬಿಡುತ್ತಿದ್ದರು. ಮದುವೆಯಾಗದ ಹೆಣ್ಣಿಗೆ ಆ ಕಾಲದಲ್ಲಿ ಅಂಥ ಗೌರವ ಸುಮ್ಮನೆ ಸಿಗುತ್ತಿರಲಿಲ್ಲ. ಐವತ್ತಾರರ ಮಳೆಗಾಲದಲ್ಲಿ ಆ ಗೌರವಕ್ಕೇ ಕೊಡಲಿ ಬಿತ್ತು. ದೀಪಾವಳಿಯ ರಜೆಯ ನಂತರ ನೀವು ಬರಬೇಕಾಗಿಲ್ಲ ಎಂದು ಆಡಳಿತ ಮಂಡಳಿ ಎರಡು ಸಾಲಿನ ಪತ್ರ ಕೊಟ್ಟಿತು. ಕಾರಣ ಬರೆದಿರಲಿಲ್ಲ. ಕಾರ್ಯದರ್ಶಿಯ ಸೊಸೆಗೆ ಆ ಜಾಗ ಬೇಕಾಗಿತ್ತು ಎಂಬುದು ಶಾಲೆಯ ಗೋಡೆಗಳಿಗೂ ಗೊತ್ತಿತ್ತು.

ಆಗ ಸಭೆಯ ಮುಂದೆ ಒಂದು ಸಣ್ಣ ಮಸೂದೆ ಇತ್ತು. ಸರ್ಕಾರದ್ದಲ್ಲ, ಹಿಂದೊಮ್ಮೆ ಮೇಷ್ಟರಾಗಿದ್ದ ಒಬ್ಬ ವೃದ್ಧ ಸದಸ್ಯರು ತಂದದ್ದು. ಖಾಸಗಿ ಶಾಲೆಯ ಶಿಕ್ಷಕರನ್ನು ಕಾರಣ ಬರೆದು ತಿಳಿಸದೆ, ಅವರ ಮಾತು ಕೇಳದೆ ತೆಗೆಯಕೂಡದು ಎನ್ನುವುದು ಅದರ ತಿರುಳು. ಹಿಂದಿನ ಅಧಿವೇಶನದಲ್ಲಿ ಮಂಡನೆಯಾಗಿ ಅಲ್ಲಿಯೇ ನಿಂತಿತ್ತು. ಈಗ ಅದಕ್ಕೊಂದು ತಿದ್ದುಪಡಿ ಬಂತು: ಈಗಾಗಲೇ ಪತ್ರ ಪಡೆದವರಿಗೂ ಇದು ಅನ್ವಯಿಸತಕ್ಕದ್ದು. ಆ ಒಂದು ಸಾಲಿನ ಚೀಟಿಗಳ ಕಟ್ಟು ಮೇಜಿನ ಮೇಲೆ ಬಂದು ಬಿದ್ದಾಗ ರಾಯರು ಮೇಲಿನದನ್ನು ಎತ್ತಿ ಎರಡು ಸಲ ಓದಿದರು. ಅದು ಜಯಾಳದೇ ಸಾಲು.

ಆದರೆ ದಿನಗಳು ಉಳಿದಿರಲಿಲ್ಲ. ನವೆಂಬರ್ ಒಂದಕ್ಕೆ ರಾಜ್ಯ ಒಡೆಯುವುದಿತ್ತು. ಹೊಸ ಮಧ್ಯಪ್ರದೇಶಕ್ಕೆ ಭೋಪಾಲ ರಾಜಧಾನಿ, ನಾಗಪುರ ಮುಂಬಯಿ ರಾಜ್ಯದ ಪಾಲಿಗೆ. ರಾಜ್ಯವೇ ಹೋದ ಮೇಲೆ ಪಾಸಾಗದ ಮಸೂದೆಗಳೂ ಬಿದ್ದುಹೋಗುತ್ತವೆ. ಸದಸ್ಯರ ಸ್ವಂತ ಮಸೂದೆಗಳಿಗೆ ಉಳಿದದ್ದು ಒಂದೇ ಶುಕ್ರವಾರ, ಅದೂ ಮಧ್ಯಾಹ್ನದ ಎರಡೂವರೆ ತಾಸು. ಮಸೂದೆಗಳು ಒಂಬತ್ತು, ಹೊತ್ತಿದ್ದದ್ದು ಮೂರಕ್ಕೆ. ಯಾವ ಮೂರು ಎನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುವುದು ಪದ್ಧತಿ.

ಚೀಟಿ ಮಡಿಚುವ ಕೆಲಸವೂ ದಫ್ತರಿಯದೇ. ಆ ಬೆಳಿಗ್ಗೆ ರಾಯರು ಇನ್ನೂರೈವತ್ತು ಪ್ರತಿಗಳಿಗೆ ಜಯಾಳ ಸಾಲನ್ನು ಅಂಟಿಸಿ ಮುಗಿಸಿದ್ದರು. ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದರು. ಶಿಕ್ಷಕರ ಮಸೂದೆ ಏಳನೆಯದು. ಉಳಿದವನ್ನು ಬದಿಗಿಟ್ಟು ಮೊದಲು ಏಳನ್ನೇ ಮಡಿಚಿ, ಕಣ್ಣಿಗೊತ್ತಿಕೊಂಡು, ರಾಘವೇಂದ್ರಸ್ವಾಮಿಗಳನ್ನು ನೆನೆದು, ತಗಡಿನ ಬಿಸ್ಕೀಟು ಡಬ್ಬಿಯ ತಳದಲ್ಲಿಟ್ಟು ಬೆರಳಿನಿಂದ ಒತ್ತಿದರು. ಅಲ್ಲಾಡಿಸಿದರೆ ಅಡಿಯದು ಮೇಲೆ ಬರುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಕೈ ತೊಳೆದುಕೊಂಡು ಬಂದು ಉಳಿದ ಎಂಟನ್ನು ಮಡಿಚಿ ಹಾಕಿದರು.

ಅಧೀನ ಕಾರ್ಯದರ್ಶಿ ದತ್ತೋಪಂತರು ಇಬ್ಬರು ಗುಮಾಸ್ತರ ಎದುರಿಗೆ ಡಬ್ಬಿ ಕುಲುಕಿ ಮೂರು ಚೀಟಿ ಎತ್ತಿದರು. ಎರಡು, ಒಂಬತ್ತು, ನಾಲ್ಕು. ರಾಯರ ಮುಖ ಇಳಿಯಿತು. ಹಣೆಯಲ್ಲಿ ಬರೆದದ್ದು ಎಂದುಕೊಂಡು ಡಬ್ಬಿಯನ್ನು ತಮ್ಮ ಮೇಜಿಗೆ ತಂದು ಬೋರಲು ಹಾಕಿದರು. ಬಿದ್ದದ್ದು ಐದು ಚೀಟಿ. ಆರು ಬೀಳಬೇಕಿತ್ತು. ಒಳಗೆ ಕಣ್ಣು ಹಾಯಿಸಿದರೆ ಮೂಲೆಯಲ್ಲಿ ಏಳನೆಯದು ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು. ಉಗುರು ಹಾಕಿ ಎಬ್ಬಿಸಿದರೆ ಕಾಗದ ಹರಿಯಿತು, ಚೀಟಿ ಬಿಡಲಿಲ್ಲ.

ಬಿಂದುರಾಯರು ಸ್ಟೂಲಿನ ಮೇಲೆ ಕುಸಿದರು. ಮಾಡಿದ್ದುಣ್ಣೋ ಮಹರಾಯ! ತಂಗಿಯ ಚೀಟಿ ಸೋತದ್ದಲ್ಲ, ಆಟಕ್ಕೇ ಇಳಿದಿರಲಿಲ್ಲ. ಹೇಳಬೇಕು. ಆದರೆ ಹೇಳಿದರೆ ಯಾರು ನಂಬುತ್ತಾರೆ? ತಂಗಿಗಾಗಿ ಮತ್ತೊಮ್ಮೆ ಚೀಟಿ ಎತ್ತಿಸಲು ದಫ್ತರಿ ಹೂಡಿದ ಆಟ ಎನ್ನುತ್ತಾರೆ. ಸುಮ್ಮನಿದ್ದರೆ ಪ್ರಾಮಾಣಿಕ ಅನಿಸಿಕೊಂಡು ಉಳಿಯಬಹುದು, ಜಯಾ ಮನೆಯಲ್ಲಿ ಕೂರುತ್ತಾಳೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಕಪ್ಪುಚುಕ್ಕೆ ಬಿದ್ದಿರಲಿಲ್ಲ. ಪಟ್ಟಿ ಅಚ್ಚಿಗೆ ಹೋಗಲು ಇನ್ನೂ ಅರ್ಧ ತಾಸಿತ್ತು. ರಾಯರು ಡಬ್ಬಿ ಎತ್ತಿಕೊಂಡು ಎದ್ದರು.

ದತ್ತೋಪಂತರ ಎದುರು ನಿಂತು ಎಲ್ಲವನ್ನೂ ಮರಾಠಿಯಲ್ಲಿ ಹೇಳಿದರು. ಅಂಟು, ಬೆರಳು, ಕಣ್ಣಿಗೊತ್ತಿಕೊಂಡದ್ದು, ತಂಗಿಯ ಪತ್ರ, ಒಂದನ್ನೂ ಬಿಡಲಿಲ್ಲ. ದತ್ತೋಪಂತರು ಸಾಧಾರಣವಾಗಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಮನುಷ್ಯ. ಅಂದು ಡಬ್ಬಿಯೊಳಗೆ ಬೆರಳಾಡಿಸಿ ನೋಡಿ, "ತಂಗಿಯ ವಿಷಯ ಹೇಳದಿದ್ದರೂ ನಡೆಯುತ್ತಿತ್ತಲ್ಲ?" ಎಂದರು.

"ನಡೀತಿತ್ತು ಸಾಹೇಬ್ರ. ಆದರ ಅದು ಅರ್ಧ ಹೇಳಿದಂಗ ಆಗ್ತಿತ್ತು."

ದತ್ತೋಪಂತರು ಹೊಸ ಚೀಟಿಗಳನ್ನು ತಾವೇ ಬರೆದು, ತಾವೇ ಮಡಿಚಿ, ಬೇರೆ ಡಬ್ಬಿಗೆ ಹಾಕಿದರು. "ನೀವು ಹೊರಗೆ ನಿಲ್ಲಿ" ಎಂದರು. ರಾಯರು ಪಡಸಾಲೆಯಲ್ಲಿ ಕಂಬ ಹಿಡಿದು ನಿಂತರು. ಒಳಗಿನಿಂದ ಗುಮಾಸ್ತನ ದನಿ ಕೇಳಿಸಿತು. ಮೊದಲ ಅಂಕಿಯೇ ಏಳು.

ಅಂದು ರಾಯರು ಸೈಕಲ್ ಓಡಿಸಿದ ರಭಸ ನೋಡಿ ಟಾಂಗಾದವರು ಬೈದರಂತೆ. ಮನೆಗೆ ಬಂದು ಪೇಢೆಯ ಪೊಟ್ಟಣ ಇಟ್ಟು, "ಜಯಾ, ಶುಕ್ರವಾರ ನಿಂದು ಪಹಿಲಾ ನಂಬರ! ಎರಡನೇದೂ ಮೂರನೇದೂ ಒಂದs ದಿನಕ್ಕ ಮುಗದು ಹೋಗ್ತದ" ಎಂದರು.

"ಮೊದಲು ಆಗಲಿ ಅಣ್ಣಾ" ಎಂದು ಜಯಾ ಅರ್ಧ ಪೇಢೆ ಮುರಿದುಕೊಂಡಳು. ಉಳಿದರ್ಧವನ್ನು ಕೃಷ್ಣವೇಣಿ ಅವಳ ಬಾಯಿಗೆ ತುರುಕಿದಳು.

ಶುಕ್ರವಾರ ಎರಡೂವರೆಗೆ ವೃದ್ಧ ಸದಸ್ಯರು ಎದ್ದು ನಿಂತರು. ರಾಯರು ಬಾಗಿಲ ಪಕ್ಕದಲ್ಲಿ, ಯಾರಿಗಾದರೂ ಬೇಕಾದೀತೆಂದು ಮಸೂದೆಯ ಹತ್ತು ಪ್ರತಿ ಎದೆಗವಚಿಕೊಂಡು ನಿಂತಿದ್ದರು. "ಮಸೂದೆಗೆ ಹೋಗುವ ಮುಂಚೆ ಒಂದೆರಡು ಮಾತು" ಎಂದರು ಸದಸ್ಯರು. ಇನ್ನು ಈ ಸಭೆ ಹೀಗೆ ಕೂಡುವುದಿಲ್ಲ, ಎಡಗಡೆ ಕೂತಿರುವ ನನ್ನ ಛತ್ತೀಸಗಢದ ಗೆಳೆಯನ ಬೈಗುಳ ನನಗೆ ಇನ್ನು ಕೇಳಸಿಗುವುದಿಲ್ಲ ಎನ್ನುತ್ತ ಅವರ ದನಿ ಒಡೆಯಿತು. ಎಡಗಡೆಯವರು ಎದ್ದು, ತಾನೂ ಎರಡು ಮಾತು ಆಡದಿದ್ದರೆ ಎದೆ ಬಿರಿಯುತ್ತದೆ ಎಂದರು. ಅಧ್ಯಕ್ಷರು ತಡೆಯಲಿಲ್ಲ. ಅವರ ಕಣ್ಣೂ ತುಂಬಿತ್ತು.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಹಲ್ಲು ಕಡಿದವರು ಅಂದು ಒಬ್ಬರ ಗುಣ ಒಬ್ಬರು ಹಾಡಿದರು. ಸದಸ್ಯರ ವಸತಿಗೃಹದ ಚಳಿಗಾಲದ ಬೆಳಗುಗಳು, ಸಂತ್ರಾ ಹಣ್ಣು ಸುಲಿಯುತ್ತ ಕೂತು ಬಗೆಹರಿಸಿಕೊಂಡ ವ್ಯಾಜ್ಯಗಳು, ಒಂದೇ ಬಿಸಿಲಿಗೆ ಬೆಂದ ಒಂದೇ ಊರು. ಬಸ್ತರದ ಕಡೆಯ ಸದಸ್ಯರೊಬ್ಬರು, ತಾನು ಮೊದಲ ಸಲ ಬಂದಾಗ ದಾರಿ ತಪ್ಪಿದ್ದನ್ನೂ ಈ ಕಚೇರಿಯ ಒಬ್ಬ ದಫ್ತರಿ ಸೈಕಲ್ ತಳ್ಳಿಕೊಂಡು ವಸತಿಗೃಹದವರೆಗೂ ಬಂದು ಬಿಟ್ಟದ್ದನ್ನೂ ನೆನೆದರು. ರಾಯರಿಗೆ ತಾಳಲಾಗಲಿಲ್ಲ. ತಂದೆಯ ಕೈ ಹಿಡಿದು ಈ ಊರಿನ ಸ್ಟೇಶನ್ನಿನಲ್ಲಿ ಇಳಿದದ್ದು, ಮೊದಲ ದಿನ ಈ ಕಟ್ಟಡದ ಮೆಟ್ಟಿಲಿಗೆ ನಮಸ್ಕಾರ ಮಾಡಿದ್ದು ಎಲ್ಲ ನೆನಪಿಗೆ ಬಂದು, ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಒರೆಸಿದಷ್ಟೂ ಬರುತ್ತಿತ್ತು. ಅದೊಂದು ಸುಖದ ಅಳು. ಇನ್ನೂ ಒಬ್ಬರು ಮಾತಾಡಲಿ, ಇನ್ನೂ ಒಬ್ಬರು ಎಂದು ಅವರ ಮನಸ್ಸೇ ಬೇಡುತ್ತಿತ್ತು.

ಗಡಿಯಾರ ಐದು ಹೊಡೆಯಿತು. ಅಧ್ಯಕ್ಷರು ಎದ್ದರು, ಎಲ್ಲರೂ ಎದ್ದರು. ರಾಯರೂ ನೆಟ್ಟಗೆ ನಿಂತರು. ಸಭೆ ಬರಿದಾಗುತ್ತ ಬಂದಾಗ ಎದೆಗೆ ಏನೋ ಒತ್ತುತ್ತಿದೆ ಅನಿಸಿ ಕೆಳಗೆ ನೋಡಿಕೊಂಡರು. ಹತ್ತು ಪ್ರತಿಗಳು ಹಾಗೆಯೇ ಇದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವೃದ್ಧ ಸದಸ್ಯರು ಗೆಳೆಯನ ಹೆಗಲ ಮೇಲೆ ಕೈಹಾಕಿಕೊಂಡು ರಾಯರ ಪಕ್ಕದಲ್ಲೇ ಹಾಯ್ದು ಹೋದರು. ಅವರಿಗೆ ಮಸೂದೆಯ ನೆನಪು ಬಂದದ್ದು ಯಾವಾಗಲೋ, ಆ ದೇವರೇ ಬಲ್ಲ.

ಮನೆಗೆ ಬರುವಾಗ ರಾಯರು ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಬಂದರು. ಜಯಾ ಕಟ್ಟೆಯ ಮೇಲೆ ಕೂತಿದ್ದಳು. ಅವರ ಮುಖ ನೋಡಿ ಎದ್ದು ನಿಂತಳು.

"ಏನಾತು ಅಣ್ಣಾ? ಬಿತ್ತೇನು?"

"ಬೀಳಲಿಕ್ಕೆ ಎತ್ತಲೇ ಇಲ್ಲವ್ವ. ಎಲ್ಲಾರೂ ಅಗಲೋ ಮಾತು ಆಡಿಕೋತ ಅಳಲಿಕ್ಕೆ ಹತ್ತಿದರು. ಐದು ಆಗಿಹೋತು."

ಜಯಾ ಅಣ್ಣನ ಕಣ್ಣುಗಳನ್ನೇ ನೋಡಿದಳು. ಅವು ಕೆಂಪಾಗಿ ಊದಿದ್ದವು. "ನೀನೂ ಅತ್ತಿ?"

ಸುಳ್ಳು ಹೇಳಬಹುದಿತ್ತು. "ಹೂಂ. ನಾನೂ ಅತ್ತೆ. ನಿನ್ನ ನೆನಪು ಆಗಲಿಲ್ಲ ಜಯಾ. ಎರಡೂವರೆ ತಾಸಿನ್ಯಾಗ ಒಮ್ಮೆನೂ ಆಗಲಿಲ್ಲ" ಎಂದರು ರಾಯರು. ಆಗ ಬಂದ ಅಳು ಸುಖದ್ದಾಗಿರಲಿಲ್ಲ.

ಕೃಷ್ಣವೇಣಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡಳು. ಜಯಾ ಅಣ್ಣನ ಕೈಯಿಂದ ಒಂದು ಪ್ರತಿ ತೆಗೆದುಕೊಂಡು, ಅಂಟಿಸಿದ ಸಾಲಿನ ಮೇಲೆ ಬೆರಳಾಡಿಸಿದಳು. ಎಲ್ಲಿಯೂ ಅಂಚು ಎದ್ದಿರಲಿಲ್ಲ.

"ಹೋಗಲಿ ಬಿಡು ಅಣ್ಣಾ. ಇದು ನನಗೇನು ಹೊಸಾದs? ನೋಡಿ ಹೋದವರು ಭಾಳ ಮಂದಿ" ಎಂದಳು.

ದೀಪಾವಳಿಯ ನಂತರ ಅವಳು ಸದರ್‌ಗೆ ಹೋಗಲಿಲ್ಲ. ಒಂದು ವರ್ಷ ಮನೆಯಲ್ಲಿದ್ದು, ಆಮೇಲೆ ಊರಿಂದ ದೂರದ ಖಾಪರಖೇಡಾದಲ್ಲಿ ಕಾರ್ಮಿಕರ ಮಕ್ಕಳಿಗೆ ಕಲಿಸುವ ಕೆಲಸ ಹಿಡಿದು, ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದಳು. ರಾಯರು ಭೋಪಾಲಕ್ಕೆ ಹೋಗದೆ ನಾಗಪುರದಲ್ಲೇ ಉಳಿದರು. ಕಟ್ಟೆಗೆ ಜನ ಬರುವುದು ತಪ್ಪಲಿಲ್ಲ. ಮುಂಬಯಿಯಲ್ಲಿ ಅದೇನೋ ಹೊಸ ಬಿಲ್ಲಂತೆ, ಏನು ರಾಯರೇ ಎಂದು ಕೇಳುತ್ತಿದ್ದರು. ರಾಯರು ಅದರಲ್ಲಿ ಏನಿದೆ, ಎಷ್ಟು ಕಲಮುಗಳಿವೆ, ಯಾರಿಗೆ ಏನಾಗುತ್ತದೆ ಎಲ್ಲವನ್ನೂ ತಿಳಿಸಿ ಹೇಳುತ್ತಿದ್ದರು. ಮದುವೆಯ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.