ಭಂಡಾರ ಮುಟ್ಟಿದವನ ಹೊಟ್ಟೆನೋವು

ಮಾಗಡಿ ಸೀಮೆಯಲ್ಲಿ, ಕೆಂಪಾಪುರದಿಂದಾಚೆಗಿನ ಹಟ್ಟಿಗಳಲ್ಲಿ ಕುರಿಯ ತುಪ್ಪಟ ಕತ್ತರಿಸುವುದಕ್ಕೆ ಚಿಕ್ಕಹನುಮಯ್ಯನನ್ನು ಬಿಟ್ಟರೆ ಇಲ್ಲ ಅನ್ನುವ ಮಾತಿತ್ತು. ಕುರಿಯ ಕಾಲು ನಾಲ್ಕನ್ನೂ ಸೇರಿಸಿ ಕಟ್ಟಿ, ಪಕ್ಕಕ್ಕೆ ಉರುಳಿಸಿ, ಅದರ ಮೇಲೆ ಬಗ್ಗಿ ಕೂತನೆಂದರೆ ಆಮೇಲೆ ಕತ್ತರಿಯ ಸದ್ದೊಂದೇ. ಚರ್ಮಕ್ಕೆ ಒಂದು ಗೀರೂ ಬೀಳದ ಹಾಗೆ ಉಣ್ಣೆ ಎತ್ತುತ್ತಿದ್ದ. ಕಟ್ಟು ಬಿಚ್ಚಿದರೆ ಕುರಿ ತನಗೇನಾಯಿತು ಅಂತಲೇ ತಿಳಿಯದೆ, ನಾಚಿಕೊಂಡು ಮಂದೆಗೆ ಓಡುತ್ತಿತ್ತು. ಇಂಥ ಕೈಯವನು ಕುಡಿತಕ್ಕೆ ಯಾಕೆ ಬಿದ್ದ ಅಂತ ಕೇಳಬೇಡಿ, ಕುಡಿಯುವವರಿಗೆ ಕಾರಣ ಬೇಕಿಲ್ಲ. ಸಾರಾಯಿ ಪ್ಯಾಕೆಟ್ಟನ್ನು ಸರ್ಕಾರ ಇನ್ನೂ ನಿಲ್ಲಿಸಿರದ ಕಾಲ ಅದು. ಬೆಂಕಿಪೊಟ್ಟಣ ಸಿಗದ ಅಂಗಡಿಯಲ್ಲೂ ಪ್ಯಾಕೆಟ್ಟು ಸಿಗುತ್ತಿತ್ತು.

ಕುಡಿದ ದಿನ ಅವನ ಹೊಟ್ಟೆ ಉರಿಯುತ್ತಿತ್ತು. ಉರಿದರೆ ಸುಮ್ಮನಿರುವ ಆಸಾಮಿಯಲ್ಲ. ಅಂಗಳದಲ್ಲಿ ಬಿದ್ದು ಹೊರಳಾಡಿ, ಅವ್ವನನ್ನೂ ಸತ್ತ ಅಪ್ಪನನ್ನೂ ಕೂಗಿ ಕರೆದು, ಹಟ್ಟಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳುವ ಹಾಗೆ ಮಾಡುತ್ತಿದ್ದ. ಹೆಂಡತಿ ಮುನಿತಾಯಮ್ಮ ಮಜ್ಜಿಗೆ ಕುಡಿಸುತ್ತಿದ್ದಳು, ಬೈಯುತ್ತಿದ್ದಳು, ಅಳುತ್ತಿದ್ದಳು. ಒಂದು ದಿನ ಅವನು ಕುಡಿದು ಬೇಲಿ ಪಕ್ಕ ಬಿದ್ದಿದ್ದಾಗ ಮಂದೆಗೆ ಚಿರತೆ ನುಗ್ಗಿತು. ಅವತ್ತು ಅವಳು ಬೈಯಲಿಲ್ಲ, ಅಳಲೂ ಇಲ್ಲ. ಸೀರೆ ಗಂಟು ಕಟ್ಟಿಕೊಂಡು ಬೈರಮಂಗಲದ ತವರಿಗೆ ಹೊರಟುಬಿಟ್ಟಳು.

ಅವಳಿಲ್ಲದ ಮನೆ ಏನೆಂದು ಅವನಿಗೆ ಆಗ ಗೊತ್ತಾಯಿತು. ಹೋಗಿ ಕಾಲಿಗೆ ಬಿದ್ದ. ಅವಳು ಬಂದಳು, ಆದರೆ ಮನೆಗಲ್ಲ, ನೇರ ಬೀರೇದೇವರ ಗುಡಿಗೆ. ದೇವರ ಮುಂದಿನ ಅರಿಸಿನದ ಭಂಡಾರದ ಮೇಲೆ ಅವನ ಕೈ ಇಡಿಸಿ, ಇನ್ನು ಕುಡಿಯುವುದಿಲ್ಲ ಅಂತ ಆಣೆ ಮಾಡಿಸಿದಳು. ಪೂಜಾರಿ ಕೆಂಚಯ್ಯ ತನ್ನ ಪಾಲಿನದನ್ನೂ ಸೇರಿಸಿದ.

“ಭಂಡಾರ ಮುಟ್ಟಿ ಮಾತು ತಪ್ಪಿದೋನ ವೊಟ್ಟೆನೇ ನಮ್ಮಪ್ಪ ಮೊದ್ಲು ಇಡಿಯೋದು. ನೆಪ್ಪಿರ್ಲಿ ಕಣ್ಲಾ.”

ಮುನಿತಾಯಮ್ಮ ಹೇಳಿದ್ದು ಇನ್ನೂ ಚಿಕ್ಕ ಮಾತು: “ಇನ್ನೊಂದ್ ಕಿತ ಮುಟ್ಟಿದ್ರೆ, ನನ್ ಹೆಣಾನೂ ನಿನ್ ಹೊಸ್ಲು ತುಳಿಯಾಕಿಲ್ಲ.”

ಅಲ್ಲಿಂದಾಚೆಗೆ ಅವನು ಮುಟ್ಟಲಿಲ್ಲ. ನಿಜವಾಗಿಯೂ ಮುಟ್ಟಲಿಲ್ಲ. ಹಾಗಂತ ಊರು ನಂಬಿತೇ? ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಊರು ಅದು. ಚಿಕ್ಕಹನುಮಯ್ಯ ಕಲ್ಲಿಗೆ ಎಡವಿದರೂ ನಾಲ್ಕು ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವನು ಅದನ್ನೆಲ್ಲ ನುಂಗಿಕೊಂಡ. ಮುನಿತಾಯಮ್ಮ ಮನೆಯಲ್ಲಿದ್ದಳು, ಅಷ್ಟು ಸಾಕಿತ್ತು.

ಹೀಗೆ ಕೆಲವು ವರ್ಷ ಕಳೆದ ಮೇಲೆ, ಪಕ್ಕದ ಮನೆಯ ಚನ್ನಯ್ಯನ ಮೊಮ್ಮಗನ ಮುಡಿ ತೆಗೆಸಿದ ಬಾಡೂಟ ಬಂತು. ಚಿಕ್ಕಹನುಮಯ್ಯ ಹೊಟ್ಟೆ ಬಿರಿಯ ಉಂಡ. ಸಾಯಂಕಾಲ ಎದೆಗೂಡಿನ ಕೆಳಗೆ, ನಡುಮಧ್ಯದಲ್ಲಿ, ಯಾರೋ ಗೂಟ ಇಟ್ಟು ಹೊಡೆದ ಹಾಗೆ ನೋವು ಶುರುವಾಯಿತು. ಮುಂದೆ ಹೊಡೆದ ಗೂಟ ಬೆನ್ನಿನಲ್ಲಿ ಹೊರಬರುತ್ತಿದೆಯೇನೋ ಅನ್ನುವಂಥ ನೋವು. ಬೇಲಿ ಮರೆಗೆ ಹೋಗಿ ವಾಂತಿ ಮಾಡಿದ. ವಾಂತಿಯಾದ ಮೇಲೂ ಹಗುರಾಗಲಿಲ್ಲ. ಅಂಗಾತ ಮಲಗಿದರೆ ನೋವು ಎರಡರಷ್ಟಾಯಿತು.

ಸಾಯುವ ಭಯ ಅವನಿಗೆ ಆಗಲಿಲ್ಲ. ಮುನಿತಾಯಮ್ಮ ನೋಡಿಬಿಟ್ಟರೆ ಅನ್ನುವ ಭಯ ಆಯಿತು. ಹೊಟ್ಟೆ ಹಿಡಿದುಕೊಂಡ ಅಂದರೆ ಮುಗಿಯಿತು, ಭಂಡಾರ ತಪ್ಪಿದ ಅಂತಲೇ ಅರ್ಥ. ಕೂಗಬೇಕಾದ ಬಾಯಿಯನ್ನು ಕಚ್ಚಿ ಹಿಡಿದು, ಏನಾದರೂ ಮಾಡುತ್ತಿರುವ ಹಾಗೆ ಕಾಣಲಿ ಅಂತ ಒಂದು ಕುರಿಯನ್ನು ಕಟ್ಟಿ ಅದರ ಮೇಲೆ ಬಗ್ಗಿದ. ಬಗ್ಗಿದ್ದೇ ತಡ, ನೋವು ಒಸಿ ಸಡಿಲವಾಯಿತು. ಎದ್ದ, ಹೆಚ್ಚಾಯಿತು. ಬಗ್ಗಿದ, ಇಳಿಯಿತು. ಕುರಿಯ ಬಿಸಿ ಮೈಗೆ ಹೊಟ್ಟೆ ಒತ್ತಿಕೊಂಡು ಕತ್ತಲಾಗುವ ತನಕ ಕತ್ತರಿ ಆಡಿಸಿದ.

ಎರಡು ದಿನಕ್ಕೆ ನೋವು ತಾನಾಗಿ ಹೋಯಿತು. ತಿಂಗಳೊಪ್ಪತ್ತಿಗೆ ಮತ್ತೆ ಬಂತು, ಮತ್ತೆ ಹೋಯಿತು. ಬಂದಾಗಲೆಲ್ಲ ಅವನಿಗೆ ಒಂದೇ ಮದ್ದು: ಕುರಿ, ಕತ್ತರಿ. ತನ್ನ ಮಂದೆ ಮುಗಿದರೆ ಊರವರ ಮಂದೆ. ಅವನ ದುಡಿಮೆ ನೋಡಿ ಜನ ಬೆರಗಾದರು. “ಏನ್ಲಾ ಹನುಮ, ನೆಟ್ಗೆ ನಿಂತ್ಕಳದೇ ಮರ್ತ್ಬುಟ್ಟಿದ್ದೀಯಲ್ಲ!” ಅಂತ ಚನ್ನಯ್ಯ ಹಾಸ್ಯ ಮಾಡಿದ. ನೋವು ತಿನ್ನುತ್ತಿರುವವನನ್ನು ಹೊಗಳುವುದಕ್ಕೆ ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ, ಅವನು ದುಡಿಯುತ್ತಿದ್ದರೆ ಸಾಕು.

ಮುನಿತಾಯಮ್ಮ ಮಾತ್ರ ಹೊಗಳಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿಯುವುದನ್ನು ನೋಡಿದಳು. “ಯಾಕೆ ಉಣ್ತಿಲ್ಲ?” ಅಂದರೆ “ಹಸ್ವಿಲ್ಲ” ಅನ್ನುವನು. ಅವಳು ಹತ್ತಿರ ಬಂದು ಮುಖ ನೋಡಿದರೆ, ಬಾಯಿ ವಾಸನೆ ನೋಡುತ್ತಿದ್ದಾಳೆ ಅಂದುಕೊಂಡು ಆ ಕಡೆ ತಿರುಗುವನು. ಪೆದ್ದ! ಹಾಗೆ ತಿರುಗುವವನ ಮೇಲಲ್ಲವೇ ಯಾರಿಗಾದರೂ ಅನುಮಾನ ಬರುವುದು?

ಮಾರಮ್ಮನ ಹಬ್ಬದ ಮಾರನೆಯ ದಿನ ಬಂದ ನೋವು ಹಿಂದಿನ ಹಾಗಿರಲಿಲ್ಲ. ಮಧ್ಯಾಹ್ನ ಮುನಿತಾಯಮ್ಮ ಬುತ್ತಿ ತಂದಾಗ ಅವನು ಹುಣಸೆಮರದ ಕೆಳಗೆ ಕುರಿಯ ಮೇಲೆ ಬಗ್ಗಿದ್ದ. ಕತ್ತರಿ ಟಕಟಕ ಆಡುತ್ತಿತ್ತು. ಅವಳು ಬುತ್ತಿ ಇಳಿಸಿ ನೋಡಿದಳು. ಉಣ್ಣೆ ಬೀಳುತ್ತಿಲ್ಲ. ಆ ಕುರಿ ಬೆಳಿಗ್ಗೆಯೇ ಬೋಳಾಗಿತ್ತು.

“ಅದ್ರ ಮೈಮ್ಯಾಲೆ ಇನ್ನೇನೈತೆ ಅಂತ ಕತ್ತರಿಸ್ತಿದ್ದೀಯ?”

ಅವನು ತಲೆ ಎತ್ತಲಿಲ್ಲ. ಅವಳೇ ಗದ್ದ ಹಿಡಿದು ಎತ್ತಿದಳು. ಹಣೆಯಲ್ಲಿ ತಣ್ಣನೆ ಬೆವರು, ಕಣ್ಣಿನ ಬಿಳಿಯಲ್ಲಿ ಹಳದಿ. ಏನೂ ಇಲ್ಲ ಅನ್ನಲು ಬಾಯಿ ತೆರೆದವನು ಅಲ್ಲೇ ಕುರಿಯ ಪಕ್ಕ ಮಗುಚಿಕೊಂಡ.

ಚನ್ನಯ್ಯ ಲಗೇಜ್ ಆಟೋ ತಂದ. ರಾಮನಗರದ ಆಸ್ಪತ್ರೆಯ ತನಕ ಚಿಕ್ಕಹನುಮಯ್ಯ ಮೊಣಕಾಲಿಗೆ ಹಣೆ ಒತ್ತಿಕೊಂಡೇ ಕೂತಿದ್ದ. ನಾನು ಕುಡಿದಿಲ್ಲ ಅನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಆದರೆ ಕೇಳುವ ಮೊದಲೇ ಹೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದಲ್ಲ ಅಂತ ಅದನ್ನೂ ನುಂಗಿದ.

ಡಾಕ್ಟರು ನೂರ್ಜಹಾನ್ ಅನ್ನುವವರು. ಹೊಟ್ಟೆಯ ಮೇಲ್ಭಾಗ ಮೆಲ್ಲಗೆ ಒತ್ತಿದರು. ಅವನು ಹಾಸಿಗೆಯ ಕಬ್ಬಿಣ ಹಿಡಿದುಕೊಂಡ. ನೋವು ಬೆನ್ನಿಗೆ ಹೋಗುತ್ತದೆಯೇ, ಬಗ್ಗಿದರೆ ಇಳಿಯುತ್ತದೆಯೇ ಅಂತ ಕೇಳಿದರು. ಎಲ್ಲಕ್ಕೂ ತಲೆಯಾಡಿಸಿದ. ಕೊನೆಗೆ ಅವನು ಹೆದರಿದ್ದ ಪ್ರಶ್ನೆಯೇ ಬಂತು.

“ಕುಡಿಯೋ ಅಭ್ಯಾಸ ಇದೆಯಾ? ಮೇದೋಜೀರಕ ಗ್ರಂಥಿ ಊದಿಕೊಂಡಿರೋ ಹಾಗೆ ಕಾಣುತ್ತೆ. ಕುಡಿಯೋರಲ್ಲಿ ಇದು ಹೆಚ್ಚು. ನಿಜ ಹೇಳಿ, ಇಲ್ಲಿ ಯಾರೂ ಬೈಯೋದಿಲ್ಲ.”

ಅವನು ಮುನಿತಾಯಮ್ಮನ ಕಡೆ ನೋಡಿದ. ಚನ್ನಯ್ಯ ಮುಂದೆ ಬಂದ. “ಭಾರೀ ಹಾಕ್ತಿದ್ದ ಮೇಡಂ. ಈಗ್ಲೂ ಕದ್ದುಮುಚ್ಚಿ...”

“ಇಲ್ಲ ಡಾಕ್ಟ್ರಮ್ಮ,” ಅಂದಳು ಮುನಿತಾಯಮ್ಮ. ಸ್ವರ ಏರಿಸಲಿಲ್ಲ. “ಮುಂಚೆ ಕುಡೀತಿದ್ರು, ನಿಜ. ಬುಟ್ಟ ಮ್ಯಾಲೆ ಒಂದ್ ತೊಟ್ಟೂ ಮುಟ್ಟಿಲ್ಲ. ಬ್ಯಾರೆ ಏನಾರ ಐತಾ ನೋಡಿ.”

ಡಾಕ್ಟರು ಅವಳ ಮುಖ ನೋಡಿ, ಸ್ಕ್ಯಾನಿಂಗಿಗೆ ಕಳಿಸಿದರು. ಚಿಕ್ಕಹನುಮಯ್ಯನಿಗೆ ಆ ತಳ್ಳುಗಾಡಿಯ ಮೇಲೆ ಹೋಗುವಾಗ ನೋವಿಗಿಂತ ಅಳು ಹೆಚ್ಚಾಗಿ ಬಂತು.

ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಒಂದು ಜಾರಿ ಬಂದು ನಾಳದ ಬಾಯಿಗೆ ಸಿಕ್ಕಿಕೊಂಡು ಗ್ರಂಥಿ ಊದಿದೆ, ಇದು ಕುಡಿತದಿಂದ ಬಂದದ್ದಲ್ಲ ಅಂತ ಡಾಕ್ಟರು ವಿವರಿಸಿದರು. ಸದ್ಯಕ್ಕೆ ಬಾಯಿಗೆ ಏನೂ ಹಾಕಬಾರದು, ಡ್ರಿಪ್ ಮಾತ್ರ. ಊತ ಇಳಿದ ಮೇಲೆ ಆಪರೇಷನ್ನು. “ಮೊದಲನೇ ಸಲ ಬಂದಾಗಲೇ ತೋರಿಸಬೇಕಿತ್ತು. ಇನ್ನೂ ಬಿಟ್ಟಿದ್ರೆ ಜೀವಕ್ಕೇ ಅಪಾಯ ಇತ್ತು,” ಅಂದು ಹೋದರು. ಚನ್ನಯ್ಯ ಟೀ ಕುಡಿದು ಬರುತ್ತೇನೆ ಅಂತ ಮೆಲ್ಲಗೆ ಜಾರಿಕೊಂಡ.

ಮುನಿತಾಯಮ್ಮ ಸ್ಟೂಲಿನ ಮೇಲೆ ಕೂತಳು. ಅವನು ಅವಳ ಕಡೆ ತಿರುಗಿ ಕೇಳಿದ.

“ಸ್ಕ್ಯಾನಿಂಗ್‌ಗೂ ಮುಂಚೆನೇ ಅದೆಂಗೆ ಅಂಗೆ ಯೋಳ್ಬುಟ್ಟೆ?”

“ಕುಡ್ದಾಗ ಹಟ್ಟಿಗೆಲ್ಲ ಕೇಳಂಗೆ ಬಡ್ಕತಿದ್ದೋನು ನೀನು. ಈಗ ನೋಡುದ್ರೆ ಬಾಯಿ ಕಚ್ಕಂಡು ಕೆಲ್ಸ ಮಾಡ್ತಿದ್ದೆ. ಕುಡುದ್ರೆ ನಿಂಗೆ ಅಷ್ಟ್ ತಾಳ್ಮೆ ಎಲ್ಲೈತೆ?”

ಅವನಿಗೆ ನಗು ಬಂತು. ನಕ್ಕರೆ ಹೊಟ್ಟೆ ಹಿಡಿಯಿತು. ಆದರೆ ಅವಳು ನಗುತ್ತಿರಲಿಲ್ಲ.

“ವೊಟ್ಟೇಲೇನೋ ಆಗೈತೆ ಅಂತ ನಂಗೂ ಅನ್ಸಿತ್ತು. ನೀನಾಗೇ ಯೋಳ್ತೀಯ ಅಂತ ಕಾದೆ. ನಾನ್ ನಂಬಾಕಿಲ್ಲ ಅಂತ ಸಾಯಕ್ಕೆ ವೊಂಟಿದ್ದೆ, ಅಲ್ವಾ?” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನ್ ನಿನ್ನ ನಂಬಿದ್ದೆ. ನೀನು ನನ್ನ ನಂಬ್ನಿಲ್ಲ.”

ಅವಳು ತನ್ನನ್ನು ನಂಬಬೇಕು ಅಂತ ಚಿಕ್ಕಹನುಮಯ್ಯ ಇಷ್ಟು ವರ್ಷ ದೇವರಿಗೆ ಕೈಮುಗಿದಿದ್ದ. ತಾನು ಅವಳನ್ನು ನಂಬಬೇಕು ಅನ್ನುವುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ನಾಚಿಕೆಯಾಯಿತು. ಅಷ್ಟರಲ್ಲಿ ನೋವಿನ ಇನ್ನೊಂದು ಅಲೆ ಎದ್ದಿತು. ರೂಢಿಯಂತೆ ತುಟಿ ಕಚ್ಚಿ, ಮೊಣಕಾಲು ಎದೆಗೆ ಎಳೆದುಕೊಂಡ.

ಅವಳ ಕೈ ಅವನ ಬೆನ್ನ ಮೇಲೆ ಬಂತು. “ನೋಯ್ತೈತಾ?”

ಇಲ್ಲ ಅನ್ನುವುದು ಬಾಯಿಗೆ ಬಂದೇಬಿಟ್ಟಿತ್ತು. ತಡೆದುಕೊಂಡ.

“ನೋಯ್ತೈತೆ ಕಣಮ್ಮಿ,” ಅಂದ. ಆಮೇಲೆ ಇಡೀ ವಾರ್ಡು ತಿರುಗಿ ನೋಡುವ ಹಾಗೆ, ಗಂಟಲು ಬಿಚ್ಚಿ, “ಬಾಳಾ ನೋಯ್ತೈತೆ, ತಡಿಯಕಾಯ್ತಿಲ್ಲ!” ಅಂತ ಕೂಗಿ ಗೋಳೋ ಅಂತ ಅತ್ತುಬಿಟ್ಟ.

ಮುನಿತಾಯಮ್ಮ ಸಿಸ್ಟರನ್ನು ಕೂಗುತ್ತಾ ಎದ್ದು ಓಡಿದಳು.