ಒಂಬತ್ತರ ಜೋಡಿ ಮತ್ತು ತಿಸ್ರಿ ಚಿಪ್ಪು

ನಿನ್ನೆ ಅಂಕೋಲಾ ಪೇಟೆಯಿಂದ ತಂದ ತಿಸ್ರಿ ಕಪ್ಪೆಚಿಪ್ಪುಗಳನ್ನು ತೊಳೆಯುತ್ತಿದ್ದಾಗ ಒಂದು ಚಿಪ್ಪು ಕೈಯಲ್ಲೇ ಉಳಿಯಿತು. ಕಂದು ಗೆರೆಯ, ಅಂಗೈಯಲ್ಲಿ ಸರಿಯಾಗಿ ಕೂರುವ ಚಿಪ್ಪು. ಕೆಸರು, ಉಪ್ಪು ಬೆರೆತ ಅಳಿವೆಯ ವಾಸನೆ ಮೂಗಿಗೆ ಬಡಿಯಿತು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ನಾನು ಮಾತ್ರ ಮತ್ತೆ ಆ ಇಸ್ಪೀಟು ಮೇಜಿನ ಪಕ್ಕ ನಿಂತಿದ್ದೆ...

ಇಂಥದೇ ಚಿಪ್ಪನ್ನು ಮಾವಶಿ ತನ್ನ ಎಲೆಗಳ ಮೇಲೆ ಇಟ್ಟುಕೊಂಡು ಆಡುತ್ತಿದ್ದಳು.

ಮಾವಶಿ ಎಂದರೆ ಚಿಕ್ಕಮ್ಮ, ಆದರೆ ಸಂಬಂಧದಲ್ಲಿ ಅವಳು ನನಗೆ ಹಾಗೇನಲ್ಲ. ಕಾರವಾರದ ಶಿರವಾಡದಲ್ಲಿ ನಮ್ಮ ಪಕ್ಕದ ಮನೆಯವಳು. ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತಳಾಗಿದ್ದಳು. ತವರು ಚಿತ್ತಾಕುಲದ ಮೀನುಗಾರರ ಮನೆ. ಚೌತಿ ಬಂತೆಂದರೆ ಅವಳ ಮನೆಯ ಜಗಲಿಯಲ್ಲಿ ಗಣಪತಿಯ ಎದುರು ಮೂರೆಲೆ ಆಟ, ಹುಣಸೆ ಬೀಜದ ಪಣ. ಆ ಆಟದಲ್ಲಿ ಕೊನೆಗೆ ಇಬ್ಬರೇ ಉಳಿದಾಗ ಒಬ್ಬರು 'ಶೋ' ಅಂದರೆ ಸಾಕು, ಎಲೆ ಮಗುಚಿ ತೋರಿಸುತ್ತಾರೆ. ಮಾವಶಿಯ 'ಶೋ' ನಮ್ಮ ಅಡುಗೆ ಮನೆಯವರೆಗೂ ಕೇಳುತ್ತಿತ್ತು. ಅಮ್ಮ ಅಲ್ಲಿಂದಲೇ ನಗುತ್ತಿದ್ದಳು.

ಒಂದು ಮಳೆಗಾಲದ ಆರಂಭದಲ್ಲಿ ಅವಳ ತಮ್ಮನ ದೋಣಿ ಕಾಳಿ ನದಿಯ ಅಳಿವೆಯ ಬಾಯಲ್ಲಿ ಮಗುಚಿತು. ತಮ್ಮ ಈಜಿ ದಡ ಸೇರಿದ, ದೋಣಿಯೂ ಸಿಕ್ಕಿತು. ಎಂಜಿನ್ ಮಾತ್ರ ಸಮುದ್ರದ ಪಾಲಾಯಿತು. ಅಂದಿನಿಂದ ಅವನು ಮಲ್ಪೆಯಲ್ಲಿ ಯಾರದೋ ಬೋಟಿನಲ್ಲಿ ಕೂಲಿಗೆ ನಿಂತ. ದೋಣಿ ತೆಂಗಿನ ಮರದ ಬುಡದಲ್ಲಿ ಬೋರಲಾಗಿ ಬಿದ್ದಿತ್ತು.

ಮುಂದಿನ ವರ್ಷ ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತಿದ ಕಾಲದಲ್ಲಿ, ಅಂಕೋಲಾದ ಎಂಜಿನ್ ಅಂಗಡಿಯವರೊಬ್ಬರು ಪೋಕರ್ ಟೂರ್ನಮೆಂಟ್ ಇಟ್ಟರು. ದುಡ್ಡಿನ ಆಟವಲ್ಲ, ಬರೀ ಪ್ಲಾಸ್ಟಿಕ್ ಬಿಲ್ಲೆಗಳು. ಬಹುಮಾನ ಒಂದೇ: ದೋಣಿಗೆ ಕಟ್ಟುವ ಹೊಸ ಎಂಜಿನ್. ಸುದ್ದಿ ಕೇಳಿದ ಸಂಜೆಯೇ ಮಾವಶಿ ನಮ್ಮ ಮನೆಗೆ ಬಂದಳು.

"ಪುತಾ, ನೀ ಕಾಲೇಜಿನಲ್ಲಿ ಅದೇ ಆಟ ಆಡ್ತಿದ್ಯಲಾ? ನಂಗೆ ಕಲಿಸು."

"ನಿಮಗ್ಯಾಕೆ ಮಾವಶಿ ಅದೆಲ್ಲ?"

"ತಮ್ಮ ಇನ್ನೊಬ್ಬರ ಬೋಟಿನ ಕಸ ಬಳಿಯೂದು ನಂಗೆ ನೋಡೂಕೆ ಆಗೂದಿಲ್ಲ. ಕಲಿಸ್ತ್ಯಾ, ಇಲ್ಲಾ ಬೇರೆಯವರ ಹತ್ರ ಹೋಗ್ಲಾ?"

ಕಲಿಸಿದೆ. ಕೈಯಲ್ಲಿ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ, ಮೊದಲು ಮೂರು ಆಮೇಲೆ ಒಂದೊಂದಾಗಿ ತೆರೆಯುವ ಐದು ಎಲೆ. ಅವಳಿಗೆ ಬೇಗ ಹತ್ತಿತು. ತಲೆ ತಿಂದದ್ದು ನಡುವಿನ ಜೋಡಿಗಳು. ಏಳು, ಎಂಟು, ಒಂಬತ್ತರ ಜೋಡಿ. ಮೇಜಿನ ತುಂಬ ಜನ ಇರುವಾಗ ಇವುಗಳನ್ನು ನಂಬಿ ಕೂರಬಾರದು, ಯಾರ ಕೈಯಲ್ಲಾದರೂ ದೊಡ್ಡದು ಇದ್ದೇ ಇರುತ್ತದೆ. ಕೊನೆಗೆ ಮೂವರು ನಾಲ್ವರು ಉಳಿದು, ನಿಮ್ಮ ಬಿಲ್ಲೆ ಕರಗುತ್ತಿರುವಾಗ ಮಾತ್ರ ಇದೇ ಜೋಡಿ ದೊಡ್ಡ ಆಸ್ತಿ. ಆಗ ಕಾಯಬೇಡಿ, ಎಲ್ಲವನ್ನೂ ಮುಂದೆ ತಳ್ಳಿ ಎಂದೆ. ಅವಳು ಚಿಪ್ಪನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿಸಿಕೊಂಡಳು.

"ಅಂದ್ರೆ, ದೊಡ್ಡ ಭಂಗಡೆ ಮೀನು ಬರ್ಲಿ ಅಂತ ಕೂತ್ರೆ ಸಣ್ಣ ತಾರ್ಲೆಯೂ ಹೋತದೆ. ಅಷ್ಟೇ ಸೈಯಾ?"

ಅಷ್ಟೇ ಎಂದೆ.

ಪೇಟೆಯ ಒಂದು ಮಾಳಿಗೆಯ ಮೇಲೆ ಆಟ. ಕೆಳಗಿನ ಗೋದಾಮಿನಿಂದ ಹಣ್ಣಾದ ಮಾವಿನ ವಾಸನೆ, ಮೇಲೆ ತಗಡಿನ ಮೇಲೆ ಮಳೆ. ಮೂಲೆಯಲ್ಲಿ ಎಂಜಿನ್‌ಗೆ ಚೆಂಡು ಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ಹೆಂಗಸೊಬ್ಬಳು ಕೂತದ್ದನ್ನು ಕಂಡು ಮೊದಲು ನಕ್ಕವರು ಒಬ್ಬೊಬ್ಬರಾಗಿ ಎದ್ದು ಹೋದರು. ಮಧ್ಯಾಹ್ನ ಜಾರುವ ಹೊತ್ತಿಗೆ ಮೂವರೇ ಉಳಿದರು: ಒಬ್ಬ ಮಾವಿನ ವ್ಯಾಪಾರಿ, ನಮ್ಮ ಮಾವಶಿ, ಮತ್ತು ದೊಡ್ಡ ಬೋಟುಗಳ ಸಾಹುಕಾರರೊಬ್ಬರು. ಅರ್ಧಕ್ಕಿಂತ ಹೆಚ್ಚು ಬಿಲ್ಲೆ ಸಾಹುಕಾರರ ಮುಂದೆಯೇ ಗುಡ್ಡೆ ಬಿದ್ದಿತ್ತು.

"ಬಾಯೋರೆ, ಎಂಜಿನ್ ತಕಂಡು ನೀವೇ ಬಲೆ ಬಿಡೂಕೆ ಹೋತ್ರಾ?" ಎಂದು ಅವರು ಕೆಣಕಿದರು.

"ಹೋತೆ. ನಿಮ್ಮ ಬೋಟಿನ ಎದುರಿಂದೇ ಹೋತೆ," ಎಂದಳು ಮಾವಶಿ.

ಎಲೆ ಹಂಚಿದರು. ಅವಳ ಕುರ್ಚಿಯ ಹಿಂದೆ ನಿಂತಿದ್ದ ನನಗೂ ಕಂಡಿತು. ಒಂಬತ್ತು... ಇನ್ನೊಂದು ಒಂಬತ್ತು! ಚಿಪ್ಪು ಎಲೆಯ ಮೇಲೆ ಕೂತಿತು. ಮೊದಲ ಸರದಿಯ ವ್ಯಾಪಾರಿ ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿಬಿಟ್ಟ. ಆತ ಹಿಂದಿನ ಆಟಗಳಲ್ಲೂ ಹಾಗೇ ತಳ್ಳಿದ್ದ, ಬಿಲ್ಲೆ ಮುಗಿಯುತ್ತಿದ್ದವನ ಧೈರ್ಯ ಅದು. ಮಾವಶಿ ಚಿಪ್ಪನ್ನು ಎತ್ತಿ ಸೆರಗಿಗೆ ಒರೆಸಿದಳು. ಎರಡೂ ಕೈಗಳಿಂದ ತನ್ನದೆಲ್ಲವನ್ನೂ ಮುಂದೆ ನೂಕಿದಳು. ನೂಕಿದವಳೇ ಚೌತಿಯ ಜಗಲಿಯಲ್ಲಿ ಕೂತವಳಂತೆ,

"ಶೋ!"

ಎಂದು ಕೂಗಿ, ಒಂಬತ್ತುಗಳನ್ನು ಮಗುಚಿ ಮೇಜಿನ ಮೇಲೆ ಬಡಿದಳು.

ಸಾಹುಕಾರರ ಸರದಿ ಇನ್ನೂ ಬಂದಿರಲಿಲ್ಲ! ಎದುರಾಳಿಯ ಎಲೆಯನ್ನು ಕಣ್ಣಾರೆ ಕಂಡು, ಆಡುವುದೋ ಬಿಡುವುದೋ ಎಂದು ನಿರ್ಧರಿಸುವ ಭಾಗ್ಯ ಅವರದಾಯಿತು. ಅವರ ಕೈಯಲ್ಲಿ ಹತ್ತರ ಜೋಡಿಯಿದ್ದರೂ ಸಾಕಿತ್ತು, ಎಂಜಿನ್ ಕೈತಪ್ಪುತ್ತಿತ್ತು.

"ಬಾಯೋರೆ, ಇದು ಚೌತಿ ಆಟ ಅಲ್ಲಾ!" ಎಂದು ವ್ಯಾಪಾರಿ ಕಿರುಚಿದ. ಅಂಗಡಿಯವರು ಓಡಿ ಬಂದರು. ಎಲೆಗಳು ಹಾಗೇ ಇರಲಿ, ಆಟ ಮುಂದುವರಿಯಲಿ, ಇನ್ನೊಮ್ಮೆ ಹೀಗೆ ಮಾಡಿದರೆ ಹೊರಗೆ ಎಂದು ಎಚ್ಚರಿಸಿದರು. ಮಾವಶಿಯ ಕಿವಿ ಕೆಂಪಾಗಿತ್ತು. ನಾನು ಅವಳ ಕುರ್ಚಿಯ ಬೆನ್ನನ್ನು ಮುರಿಯುವಂತೆ ಹಿಡಿದಿದ್ದೆ.

ಸಾಹುಕಾರರು ತಮ್ಮ ಎಲೆ ನೋಡಿದರು. ಒಂಬತ್ತುಗಳನ್ನು ನೋಡಿದರು. ಮತ್ತೆ ತಮ್ಮ ಎಲೆ ನೋಡಿದರು. ಎಷ್ಟು ಹೊತ್ತೋ... ಕೊನೆಗೆ ಮುಗುಳ್ನಕ್ಕು ಎಲೆಗಳನ್ನು ಎಸೆದರು.

"ಸೋಲೂದು ಕಾಣ್ತಾ ಇದ್ದ ಮೇಲೆ ಯಾಕೆ ಹಾಕೂದು?"

ವ್ಯಾಪಾರಿ ತನ್ನದನ್ನು ತೆರೆದ: ಎಕ್ಕ, ರಾಣಿ. ನಡುವಿನ ಎಲೆಗಳು ಬಿದ್ದವು. ಮೂರು, ಗುಲಾಮ, ಮತ್ತು... ಎಂಟು.

ಧಡಾರನೆ ಸದ್ದಾಯಿತು. ಸಾಹುಕಾರರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತ್ತು. "ಎಂಟು! ನಾ ಒಗೆದದ್ದು ಎಂಟರ ಜೋಡಿ ಮಾರಾಯಾ!"

ಅವಳು ಎಲೆ ತೋರಿಸದೆ ಇದ್ದಿದ್ದರೆ ಅವರು ಬಿಡುತ್ತಿರಲಿಲ್ಲ. ಅವರಿಗೆ ಮೂರು ಎಂಟುಗಳಾಗಿ, ಒಂಬತ್ತರ ಜೋಡಿ ಸೋಲುತ್ತಿತ್ತು. ಇನ್ನೂ ಎರಡು ಎಲೆ ಬಾಕಿ ಇತ್ತು, ಎಕ್ಕವೋ ರಾಣಿಯೋ ಬಂದರೂ ಮುಗಿಯಿತು. ಐದು ಬಿತ್ತು. ಮತ್ತೆ ಮೂರು ಬಿತ್ತು. ಒಂಬತ್ತುಗಳು ಗೆದ್ದವು! ನಾನು ಏನು ಕೂಗಿದೆನೋ ನೆನಪಿಲ್ಲ, ಕೆಳಗಿನ ಗೋದಾಮಿನಿಂದ ಜನ ಮೇಲೆ ಓಡಿ ಬಂದದ್ದು ನೆನಪಿದೆ. ಸಾಹುಕಾರರು ಆ ಎಂಟುಗಳನ್ನು ಮರೆಯಲೇ ಇಲ್ಲ. ಮುಂದೆ ಬಂದ ಎಲೆಗಳಿಗೆಲ್ಲ ಸಿಟ್ಟಿನಲ್ಲಿ ಬಿಲ್ಲೆ ತಳ್ಳಿ, ಚಹಾ ಬರುವ ಮೊದಲೇ ಸೋತು, ಮಾವಶಿಗೆ ಕೈಮುಗಿದು ಹೊರಟರು.

ಎಂಜಿನ್ ಹೇರಿದ ಟೆಂಪೋದಲ್ಲಿ ಕಾರವಾರಕ್ಕೆ ಮರಳುವಾಗ ಕೇಳಿದೆ. "ಮಾವಶಿ, ಸಾಹುಕಾರರ ಸರದಿ ಬಾಕಿ ಇದ್ದದ್ದು ನಿಮಗೆ ಕಾಣಲಿಲ್ಲವಾ?"

"ನಂಗೆ ಒಂಬತ್ತೇ ಕಂಡದ್ದು ಪುತಾ," ಎಂದಳು. "ಅದರಾಚೆ ಎಂಜಿನ್ ಕಂಡ್ತು. ಸಾಹುಕಾರ್ರು ನಡೂಕೆ ಎಲ್ಲಿಂದ ಬಂದ್ರು ಅಂತ ಈಗಲೂ ಗೊತ್ತಿಲ್ಲ." ನಂತರ ಬಹಳ ಹೊತ್ತು ಇಬ್ಬರೂ ಹುಚ್ಚರಂತೆ ನಕ್ಕೆವು.

ತಮ್ಮ ಊರಿಗೆ ಬಂದ. ದೋಣಿ ನೀರಿಗಿಳಿಯಿತು.

ಮಾವಶಿ ತೀರಿಹೋದ ಬೇಸಿಗೆಯಲ್ಲಿ ಅದೇ ದೋಣಿಯಲ್ಲಿ ಅವಳ ಬೂದಿಯನ್ನು ಕಾಳಿಯ ಸಂಗಮಕ್ಕೆ ಒಯ್ದೆವು. ಅಳಿವೆಯ ಬಾಯಲ್ಲಿ ದೊಡ್ಡ ತೆರೆಯೊಂದು ಎದ್ದಿತು. ಹಿಂದೆ ದೋಣಿ ಮಗುಚಿದ್ದು ಅಲ್ಲೇ. ತಮ್ಮ ಎಂಜಿನ್‌ನ ವೇಗ ಹೆಚ್ಚಿಸಿದ. ನಾನು ಹಲಗೆಯನ್ನು ಆ ಕುರ್ಚಿಯಂತೆಯೇ ಹಿಡಿದುಕೊಂಡೆ. ದೋಣಿ ಎದ್ದು, ತೂಗಿ, ಆಚೆ ಇಳಿಯಿತು...

ನಿನ್ನೆ ನಲ್ಲಿ ನಿಲ್ಲಿಸಿ ಚಿಪ್ಪನ್ನು ಒರೆಸಿ ಕಿಟಕಿಯ ಮೇಲಿಟ್ಟೆ. ಪಕ್ಕದ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಚೌತಿ ಹತ್ತಿರ ಬಂದಿದೆ, ಅವರೂ ಜಗಲಿಯಲ್ಲಿ ಎಲೆ ಹಾಕುತ್ತಾರೆ. 'ಶೋ' ಅನ್ನುತ್ತಾರೆ, ಮೆಲ್ಲಗೆ. ನಮ್ಮ ಅಡುಗೆ ಮನೆಗೆ ಅದು ಕೇಳುವುದಿಲ್ಲ.