ಕುಮುದಾಳ ಹೆಸರಿಗೆ ಅರ್ಚನೆ

ಆಗ ಭದ್ರಾವತಿಯ ಕಾಗದನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಸಂಜೆ ಏಳಾಯಿತೆಂದರೆ ಯಾರಿಗೂ ಹಸಿವಾಗುವಂತಿರಲಿಲ್ಲ. ಒಗ್ಗರಣೆಯ ಘಮ ಅಡುಗೆಮನೆಯಲ್ಲೇ ಕಾಯಬೇಕು; ಅಜ್ಜಿ ಧಾರಾವಾಹಿ ನೋಡುತ್ತಿದ್ದಾಳೆ. ಏಳನೇ ಕ್ಲಾಸಿನ ನಾನು ಪಕ್ಕದಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಲೆಕ್ಕ ಬರೆಯುತ್ತಿದ್ದೆ.

ಒಂದು ದಿನದ ಲೆಕ್ಕ ಹೀಗಿದೆ: ಬೆಚ್ಚಿಬಿದ್ದ ಮುಖಗಳು ಹದಿನಾಲ್ಕು, ಗುಡುಗು ಒಂಬತ್ತು, ಕಥೆ ಮುಂದೆ ಹೋದದ್ದು ಸೊನ್ನೆ. ನಾಯಕನಿಗೆ ಬರುತ್ತಿದ್ದುದು ಒಂದೇ ನಟನೆ, ದವಡೆ ಬಿಗಿಯುವುದು. ಪ್ರೀತಿಗೂ ಅದೇ, ಹೆಣ ಕಂಡರೂ ಅದೇ. ಅತ್ತೆ ಮಲಗುವಾಗಲೂ ಸೊಂಟದ ಡಾಬು ಬಿಚ್ಚುತ್ತಿರಲಿಲ್ಲ. ನಾಯಕಿ ಕುಮುದಾ ಮೆಟ್ಟಿಲಿನಿಂದ ಬಿದ್ದು ಕೋಮಾಕ್ಕೆ ಹೋಗಿ ಇಪ್ಪತ್ತಮೂರು ಕಂತು ಅಲ್ಲಾಡದೆ ಮಲಗಿದಳು. ಅವಳ ಅಭಿನಯದಲ್ಲಿ ಅದೇ ಅತ್ಯುತ್ತಮ ಭಾಗ.

“ಅಜ್ಜಿ, ಕೋಮಾದಲ್ಲಿರೋಳಿಗೆ ದಿನಾ ಲಿಪ್‌ಸ್ಟಿಕ್ ಹಚ್ಚೋರ್ಯಾರು?”

“ಬಾಯ್ಮುಚ್ಚೇ ಮಾರಾಯ್ತಿ. ಆ ಹುಡುಗಿ ಸಾಯ್ತಾ ಬಿದ್ದಿದೆ, ಇವಳಿಗೆ ಲಿಪ್‌ಸ್ಟಿಕ್ ಚಿಂತೆ.”

ಅಜ್ಜಿ ಪ್ರತಿ ಸೋಮವಾರ ಈಶ್ವರನ ಗುಡಿಯಲ್ಲಿ ನನ್ನ ಹೆಸರಿಗೆ ಅರ್ಚನೆ ಮಾಡಿಸುತ್ತಿದ್ದಳು. ಭಟ್ಟರು ಗೋತ್ರ, ನಕ್ಷತ್ರ ಸೇರಿಸಿ ನನ್ನ ಹೆಸರನ್ನು ಗಟ್ಟಿಯಾಗಿ ಹೇಳುವ ಆ ಅರೆ ನಿಮಿಷಕ್ಕಾಗಿಯೇ ನಾನು ವಾರವಿಡೀ ಕಾಯುತ್ತಿದ್ದೆ. ಪರೀಕ್ಷೆಗೆ ಮುಂಚಿನ ಸೋಮವಾರ ಅವರು ಎಂದಿನಂತೆ ಶುರುಮಾಡುವಷ್ಟರಲ್ಲಿ ಅಜ್ಜಿ ತಡೆದಳು.

“ಈ ಸಲ ಕುಮುದಾ ಅಂತ ಹೇಳಿ ಭಟ್ರೆ.”

“ನಕ್ಷತ್ರ?”

ಅಜ್ಜಿ ತಡವರಿಸಿದಳು. “ರೋಹಿಣಿ. ಗೋತ್ರ ನಮ್ದೇ ಹಾಕಿ.”

ರೋಹಿಣಿ ನನ್ನದು.

“ಯಾರಜ್ಜಿ, ನೆಂಟ್ರಾ?” ಭಟ್ಟರು ಕೇಳಿದರು.

“ಹ್ಞೂಂ. ಆಸ್ಪತ್ರೆಲಿದಾಳೆ, ಪಾಪ.”

ಪ್ರಸಾದದ ಕಾಯಿಚೂರನ್ನು ನಾನು ಮುಟ್ಟಲಿಲ್ಲ.

ಆ ಶುಕ್ರವಾರ ಕುಮುದಾ ಕಣ್ಣು ಬಿಟ್ಟಳು. ಎದ್ದವಳು ಬೇರೆ ನಟಿ. ಮುಖ, ಧ್ವನಿ, ಎತ್ತರ ಎಲ್ಲ ಬೇರೆ; ಗಂಡ ಮಾತ್ರ ಅನುಮಾನವಿಲ್ಲದೆ ಗುರುತು ಹಿಡಿದು ದವಡೆ ಬಿಗಿದ. ಅಜ್ಜಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

“ಇವಳ್ಯಾರೇ?”

ನಾನು ಕಾಯುತ್ತಿದ್ದುದೇ ಇದಕ್ಕೆ. “ಸಂಬಳಕ್ಕೆ ಅಳೋರು ಅಜ್ಜಿ. ಅವಳು ಬಿಟ್ಲು, ಇವಳು ಬಂದ್ಲು. ನೀನು ಅರ್ಚನೆ ಮಾಡ್ಸಿದ್ದು ಯಾರಿಗೂ ಅಲ್ಲ. ಸೋಮವಾರ ಭಟ್ರಿಗೆ ನಾನೇ ಹೇಳ್ತೀನಿ.”

ಅಜ್ಜಿ ಟಿವಿ ಆರಿಸಿದಳು. ಮತ್ತೆಂದೂ ಆ ಧಾರಾವಾಹಿ ಹಾಕಲಿಲ್ಲ. ನಾನು ‘ಗೆದ್ದೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಸೋಮವಾರ ಲಂಗ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಅಜ್ಜಿ ಏಳಲಿಲ್ಲ.

“ಭಟ್ರ ಮುಖ ಹ್ಯಾಗೆ ನೋಡ್ಲೇ? ದೇವರ ಮುಂದೆ ನಿಂತು ನೆಂಟ್ರು ಅಂದ್ಬಿಟ್ಟೆ.”

ಮುಂದಿನ ಸೋಮವಾರವೂ ಹೋಗಲಿಲ್ಲ. ಆಮೇಲೆ ಲೆಕ್ಕ ಇಡುವುದನ್ನು ನಾನೇ ಬಿಟ್ಟೆ.

ಈಗ ಶಿವಮೊಗ್ಗದ ರವೀಂದ್ರನಗರದಲ್ಲಿದ್ದೇನೆ. ಅಜ್ಜಿ ಇಲ್ಲ. ಧಾರಾವಾಹಿಗಳು ಫೋನಿಗೇ ಬರುತ್ತವೆ. ನಟರಿಗೆ ಜಿಮ್ಮಿನ ತೋಳು ಬಂದಿದೆ, ನಟನೆ ಬಂದಿಲ್ಲ. ನನ್ನ ತಿರಸ್ಕಾರವೂ ಒಂದಿಂಚು ಕಡಿಮೆಯಾಗಿಲ್ಲ. ಹೋದ ತಿಂಗಳು ಒಂದು ಸೋಮವಾರ ಇಲ್ಲಿನ ಗುಡಿಗೆ ಹೋಗಿದ್ದೆ. “ಅರ್ಚನೆ ಯಾರ ಹೆಸರಿಗಮ್ಮ?” ಎಂದರು ಅಲ್ಲಿನ ಭಟ್ಟರು. ನನ್ನ ಹೆಸರನ್ನು ನಾನೇ ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಸುಮ್ಮನೆ ಕೈಮುಗಿದು ಬಂದೆ.